ಕೊರೆಯುವ ಚಳಿಯ ನೀರಿಗೆ ಯಾವ ಸ್ಕೂಬಾ ರೆಗ್ಯುಲೇಟರ್? ಪಿಸ್ಟನ್, ಡಯಾಫ್ರಾಮ್ ಎರಡನ್ನೂ ಬಳಸಿ ನೋಡಿದ ಮೇಲೆ

ಸ್ಕೂಬಾ ಡೈವಿಂಗ್‌ನಲ್ಲಿ ಸಿಲಿಂಡರ್‌ನ ಗಾಳಿಯ ಒತ್ತಡ ಇಳಿಸಿ ಬಾಯಿಗೆ ಕೊಡುವ ಸಾಧನವೇ ರೆಗ್ಯುಲೇಟರ್. ನೀರು 4 ಡಿಗ್ರಿ ಇದ್ದರೂ ಅದರ ಒಳಗೆ ಮಂಜುಗಡ್ಡೆ ಕಟ್ಟಬಹುದು. ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡದಲ್ಲಿರುವ ಗಾಳಿ ಫಸ್ಟ್ ಸ್ಟೇಜ್‌ನಲ್ಲಿ (ಸಿಲಿಂಡರ್‌ಗೆ ಕೂರುವ ಭಾಗ) ಒಮ್ಮೆಲೇ ಸುಮಾರು 10 ಬಾರ್‌ಗೆ ಇಳಿಯುತ್ತದೆ. ಹಾಗೆ ಹಿಗ್ಗಿದ ಗಾಳಿ ಸೊನ್ನೆಗಿಂತ ಎಷ್ಟೋ ಕೆಳಗೆ ತಣ್ಣಗಾಗುತ್ತದೆ. ಆಳಕ್ಕೆ ಹೋದಷ್ಟೂ ಪ್ರತಿ ಉಸಿರಿಗೆ ಜಾಸ್ತಿ ಗಾಳಿ ಬೇಕು, ಅಂದರೆ ಚಳಿಯೂ ಜಾಸ್ತಿ. 30 ಮೀಟರ್ ಆಳದಲ್ಲಿ ಪ್ರತಿ ಉಸಿರಿಗೆ ಬೇಕಾದ ಗಾಳಿ ನೀರಿನ ಮೇಲ್ಮೈಯಲ್ಲಿ ಬೇಕಾದುದರ ನಾಲ್ಕು ಪಟ್ಟು.

ನಾನು ಮೊದಲು ಬಳಸಿದ್ದು ಸೀಲ್ ಇಲ್ಲದ ಪಿಸ್ಟನ್ ಫಸ್ಟ್ ಸ್ಟೇಜ್. ಇದರಲ್ಲಿ ಗಾಳಿಯ ದಾರಿ ತೆರೆದು ಮುಚ್ಚುವುದು ಸ್ಪ್ರಿಂಗ್ ಹಾಕಿದ ಪಿಸ್ಟನ್. ಬಿಡಿಭಾಗ ಕಡಿಮೆ, ಸರ್ವೀಸ್ ಸುಲಭ, ಗಾಳಿ ಧಾರಾಳ. ಬೆಚ್ಚಗಿನ ನೀರಿನಲ್ಲಿ ಇದರ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೆ ಇದರ ಸ್ಪ್ರಿಂಗ್ ಸುತ್ತ ನೀರು ನೇರವಾಗಿ ಬಂದು ನಿಲ್ಲುತ್ತದೆ. ತಣ್ಣನೆಯ ಕೆರೆಯ ತಳದಲ್ಲಿ ಅದೇ ನೀರು ಗಡ್ಡೆಯಾಗಿ ಪಿಸ್ಟನ್ ಪೂರ್ತಿ ಮುಚ್ಚದಂತೆ ತಡೆಯುತ್ತದೆ. ಮೊದಲು ಉಸಿರಿನ ನಡುವೆ ಸಣ್ಣ ಸುಯ್ ಸದ್ದು, ಆಮೇಲೆ ನಿಲ್ಲದೆ ಗುಳ್ಳೆ. ಇದೇ ಫ್ರೀ ಫ್ಲೋ. ಗಾಳಿ ಹರಿದಷ್ಟೂ ಚಳಿ ಹೆಚ್ಚುವುದರಿಂದ ಅದು ತಾನಾಗಿ ನಿಲ್ಲುವುದು ಅಪರೂಪ. ಸಿಹಿನೀರು 0 ಡಿಗ್ರಿಗೇ ಗಟ್ಟಿಯಾಗುತ್ತದೆ, ಸಮುದ್ರದ ನೀರು ಸುಮಾರು ಮೈನಸ್ 1.9ರವರೆಗೆ ತಡೆಯುತ್ತದೆ. ಹಾಗಾಗಿ ಕೆರೆ, ಕ್ವಾರಿಗಳಲ್ಲೇ ಅಪಾಯ ಹೆಚ್ಚು.

ಪಿಸ್ಟನ್ ಬದಲು ಬಾಗುವ ಪದರ ಇರುವ, ಸೀಲ್ ಆದ ಡಯಾಫ್ರಾಮ್ ಮಾದರಿಯಲ್ಲಿ ಸ್ಪ್ರಿಂಗ್‌ಗೆ ನೀರು ತಾಗುವುದೇ ಇಲ್ಲ. ಹೊರಗಿನ ಇನ್ನೊಂದು ಪದರ ನೀರಿನ ಒತ್ತಡವನ್ನಷ್ಟೇ ಒಳಗೆ ದಾಟಿಸುತ್ತದೆ. ಬಿಡಿಭಾಗ ಜಾಸ್ತಿ, ಸರ್ವೀಸ್‌ಗೆ ತಿಳಿದವರೇ ಬೇಕು. ಉಸಿರಾಟದಲ್ಲಿ ಮಾತ್ರ ನನಗೆ ಒಂಚೂರೂ ವ್ಯತ್ಯಾಸ ಕಾಣಲಿಲ್ಲ. 10 ಡಿಗ್ರಿಗಿಂತ ಕೆಳಗೆ ಇಳಿಯುವವರಿಗೆ ನಾನು ಹೇಳುವುದು ಇದನ್ನೇ. ಯುರೋಪಿನ ಇಎನ್ 250 ಮಾನದಂಡವೂ ತಣ್ಣೀರಿಗೆ ಅದೇ ಗಡಿ ಇಟ್ಟಿದೆ.

ಆದರೆ ಸೆಕೆಂಡ್ ಸ್ಟೇಜ್, ಅಂದರೆ ಬಾಯಲ್ಲಿ ಕಚ್ಚಿಕೊಳ್ಳುವ ಭಾಗ, ಬೇರೆ ಕಥೆ. ಅಲ್ಲಿ ತೇವ ಬರುವುದು ನಮ್ಮ ಉಸಿರಿನಿಂದಲೇ. ಪ್ಲಾಸ್ಟಿಕ್‌ನದು ಹಗುರ, ದವಡೆಗೆ ಹಿತ, ಆದರೆ ಸುತ್ತಲಿನ ನೀರಿನ ಶಾಖ ಒಳಗೆ ಬರಲು ಬಿಡುವುದಿಲ್ಲ. ಲೋಹದ್ದು ಬಿಡುತ್ತದೆ. 4 ಡಿಗ್ರಿ ನೀರು ಕೂಡ ಒಳಗಿನ ಗಾಳಿಗಿಂತ ಬೆಚ್ಚಗೇ ಇರುತ್ತದೆ ಅಲ್ವಾ? ನನ್ನ ಆಯ್ಕೆ ಲೋಹ.

ಯಾವುದನ್ನೇ ಕೊಂಡರೂ ಕೆಲವು ಅಭ್ಯಾಸ ಬಿಡುವಂತಿಲ್ಲ. ದಡದ ಮೇಲೆ, ಹೆಪ್ಪುಗಟ್ಟುವ ಗಾಳಿಯಲ್ಲಿ ರೆಗ್ಯುಲೇಟರ್‌ನಿಂದ ಉಸಿರಾಡಬೇಡಿ, ಸುಮ್ನೆ ಪರ್ಜ್ ಬಟನ್ (ಸೆಕೆಂಡ್ ಸ್ಟೇಜ್‌ನಿಂದ ಗಾಳಿ ಬಿಡುವ ಗುಂಡಿ) ಒತ್ತಬೇಡಿ. ಉಸಿರು ಎಳೆಯುವಾಗಲೇ ಬಿಸಿಡಿಗೋ (ತೇಲುವಿಕೆ ಹೊಂದಿಸುವ ಜಾಕೆಟ್) ಡ್ರೈಸೂಟ್‌ಗೋ (ನೀರು ಒಳಬಾರದ ಉಡುಪು) ಗಾಳಿ ತುಂಬಬೇಡಿ. ತುಂಬುವುದಿದ್ದರೆ ಚಿಕ್ಕ ಚಿಕ್ಕದಾಗಿ ಒತ್ತಿ. ಸಿಲಿಂಡರ್‌ಗೆ ಒಣ ಗಾಳಿಯನ್ನೇ ತುಂಬಿಸಿ. ಮಧ್ಯಂತರ ಒತ್ತಡವನ್ನು (ಎರಡು ಸ್ಟೇಜ್‌ಗಳ ನಡುವಿನ ಒತ್ತಡ) ಕಂಪನಿ ಹೇಳಿದ ಮಿತಿಯೊಳಗೇ ತುಸು ಕಡಿಮೆ ಇಡಲು ಟೆಕ್ನಿಷಿಯನ್‌ಗೆ ಹೇಳಿ.

ಒಂದೇ ಫಸ್ಟ್ ಸ್ಟೇಜ್‌ಗೆ ಎರಡು ಸೆಕೆಂಡ್ ಸ್ಟೇಜ್ ಕಟ್ಟುವ ಸಾಮಾನ್ಯ ಪದ್ಧತಿ ಇಲ್ಲಿ ಸಾಲದು. ಫಸ್ಟ್ ಸ್ಟೇಜ್ ಗಡ್ಡೆ ಕಟ್ಟಿದರೆ ಎರಡೂ ಹೋದಂತೆ. ಎರಡು ವಾಲ್ವ್ ಇರುವ ಸಿಲಿಂಡರ್, ಒಂದೊಂದಕ್ಕೂ ಬೇರೆ ಫಸ್ಟ್ ಸ್ಟೇಜ್ ಇದ್ದರೆ, ಹರಿಯುತ್ತಿರುವುದನ್ನು ಮುಚ್ಚಿ ಇನ್ನೊಂದರಿಂದ ಉಸಿರಾಡುತ್ತಾ ಮೇಲೇರಬಹುದು. ದಪ್ಪ ಕೈಗವಸಿನಲ್ಲೇ ಆ ವಾಲ್ವ್ ತಿರುಗಿಸಲು ಬರುತ್ತದೆಯೇ ಎಂದು ಆಳವಿಲ್ಲದ ನೀರಿನಲ್ಲಿ ಮೊದಲೇ ಅಭ್ಯಾಸ ಮಾಡಿಕೊಳ್ಳಿ.