ಹಸಿರು ಸೂಜಿಯೂ ಅಮ್ಮನ ಗಾಂಧಾರವೂ: ಗಿಟಾರ್ ಆ್ಯಪ್ ಒಂದರ ಜೊತೆ ಎಂಟು ತಿಂಗಳು

ಬಸವನಗುಡಿಯ ನಮ್ಮ ಮನೆಯಲ್ಲಿ ಶ್ರುತಿ ಎಂದರೆ ಇಷ್ಟು ವರ್ಷ ಅಮ್ಮನ ತಂಬೂರಿ ಮಾತ್ರವಾಗಿತ್ತು. ನಾನು ಬಳೇಪೇಟೆಯಲ್ಲಿ ಒಂದು ಅಕೂಸ್ಟಿಕ್ ಗಿಟಾರ್ ಕೊಂಡು, ಮಗ ಸ್ನೇಹಿತನಿಂದ ಹಳೆಯ ನಾಲ್ಕು ತಂತಿಯ ಬೇಸ್ ಗಿಟಾರ್ ತಂದ ಮೇಲೆ ಇಬ್ಬರಿಗೂ ಸೇರಿ ಒಂದೇ ಆ್ಯಪ್ ಹಾಕಿಕೊಂಡೆವು. ಅದರ ಒಂದು ಭಾಗ ಟ್ಯೂನರ್, ಇನ್ನೊಂದು ಭಾಗ ಪಾಠಗಳು. ಟ್ಯೂನರ್ ಉಚಿತ, ಪಾಠಗಳಿಗೆ ಚಂದಾ. ಎಂಟು ತಿಂಗಳ ಬಳಕೆಯ ನಂತರ ನನ್ನ ತೀರ್ಮಾನವೇನೆಂದರೆ, ಉಚಿತವಾಗಿ ಕೊಟ್ಟ ಭಾಗಕ್ಕೇ ಬೆಲೆಯಿದೆ. ಹಣದ ವಿಷಯದಲ್ಲಿ ನನಗೊಂದು ತಕರಾರು ಇರುವುದರಿಂದ ಆ್ಯಪ್‌ನ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಮೊದಲು ಗಿಟಾರ್. ದಪ್ಪ ಇ ತಂತಿ 82.41 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ), ಅದರ ಮುಂದಿನ ಎ 110, ಡಿ 146.83, ಜಿ 196, ಬಿ 246.94, ತೆಳುವಾದ ಇ 329.63: ಈ ಆರೂ ತಂತಿಗಳನ್ನು ಆ್ಯಪ್ ಒಂದು ಸೂಜಿಯ ಮುಖಾಂತರ ತೋರಿಸುತ್ತದೆ, ಸೂಜಿ ನಡುವಿಗೆ ಬಂದರೆ ಹಸಿರಾಗುತ್ತದೆ. ಫ್ಯಾನ್ ತಿರುಗುತ್ತಿದ್ದರೂ ಗಿಟಾರಿನ ಶ್ರುತಿಯಲ್ಲಿ ಅದು ತಪ್ಪಿದ್ದನ್ನು ನಾನು ಕಂಡಿಲ್ಲ. ಕುಕ್ಕರ್ ಸೀಟಿಗೆ ಮಾತ್ರ ಸೂಜಿ ಒಮ್ಮೆ ಬೆಚ್ಚಿಬೀಳುತ್ತದೆ. ತಂತಿಯನ್ನು ತಾನೇ ಗುರುತಿಸುವ ಆಟೊ ವಿಧಾನವನ್ನು ಬಿಟ್ಟು ನಾವೇ ತಂತಿ ಆಯ್ಕೆ ಮಾಡುವಾಗ ಮಾತ್ರ ಎಚ್ಚರ ಬೇಕು. ಒಂದು ಸಂಜೆ ಪರದೆಯ ಮೇಲೆ ಮೊದಲನೇ ತಂತಿಯನ್ನು (ಎಣಿಕೆ ತೆಳುವಾದ ಇ ಕಡೆಯಿಂದ) ಒತ್ತಿಟ್ಟು, ಕೈಯಲ್ಲಿ ಎರಡನೇ ತಂತಿಯಾದ ಬಿಯ ಬಿರಡೆ ತಿರುಗಿಸುತ್ತಿದ್ದೆ. ಸೂಜಿ ಇನ್ನೂ ಬಿಗಿ, ಇನ್ನೂ ಬಿಗಿ ಎನ್ನುತ್ತಲೇ ಇತ್ತು. ನಾಲ್ಕು ಅರ್ಧಸ್ವರ ದಾಟುವಷ್ಟರಲ್ಲಿ ತಂತಿ ಟಪ್ಪೆಂದು ಕಿತ್ತುಹೋಗಿ ಮುಂಗೈಗೆ ಗೀರು ಬಿತ್ತು. ತಪ್ಪು ನನ್ನದೇ, ಆದರೆ ಇಷ್ಟು ದೂರ ಬಿಗಿಯುವವನಿಗೆ ಒಂದು ಎಚ್ಚರಿಕೆ ತೋರಿಸುವುದು ಆ್ಯಪ್‌ಗೆ ಕಷ್ಟವಾಗಬೇಕಿರಲಿಲ್ಲ.

ಸ್ವಾರಸ್ಯವಿರುವುದು ಮುಂದೆ. ಗಿಟಾರಿನ ನಾಲ್ಕು, ಮೂರು, ಎರಡನೇ ತಂತಿಗಳನ್ನು ಬೆರಳಿಡದೆ ಮೀಟಿದರೆ ಜಿ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಕೇಳುತ್ತದೆ. ಅಮ್ಮ ಹಾಡುವುದು ಐದು ಮನೆ ಶ್ರುತಿಯಲ್ಲಿ, ಅಂದರೆ ಅವರ ಷಡ್ಜವೂ ಇದೇ ಜಿ. ಹಾಗಾಗಿ ಆ ಮೂರು ತಂತಿಗಳು ಅವರ ಕಿವಿಗೆ ಪಂಚಮ, ಷಡ್ಜ, ಅಂತರ ಗಾಂಧಾರ. ಮೂರೂ ತಂತಿಗಳಿಗೆ ಹಸಿರು ಬಂದ ಮೇಲೆ ನಾನು ಹೆಮ್ಮೆಯಿಂದ ಮೀಟಿದಾಗ ಅವರು ಅಡುಗೆಮನೆಯಿಂದಲೇ, "ಗಾಂಧಾರ ಮೇಲಿದೆಯಲ್ಲೋ" ಎಂದರು. ಅವರ ಮಾತು ನಿಜ. ತಂಬೂರಿಯ ನಾದದಲ್ಲಿ ತಾನಾಗಿ ಹೊಮ್ಮುವ ಗಾಂಧಾರ ಷಡ್ಜದ ಒಂದೂಕಾಲು ಪಟ್ಟು. 196ರ ಲೆಕ್ಕದಲ್ಲಿ ಅದು 245 ಹರ್ಟ್ಸ್. ಆ್ಯಪ್ ಕೇಳುವುದು 246.94. ಅರ್ಧಸ್ವರವನ್ನು ನೂರು ಸೆಂಟ್‌ಗಳಾಗಿ ಭಾಗಿಸಿದರೆ ಈ ವ್ಯತ್ಯಾಸ ಸುಮಾರು 14 ಸೆಂಟ್. ಬಿ ತಂತಿಯನ್ನು ಅಷ್ಟು ಸಡಿಲಿಸಿದೆ. ಸೂಜಿ ಕೆಂಪಾಯಿತು, ಮೂರು ತಂತಿಗಳು ಒಂದೇ ನಾದವಾಗಿ ಕರಗಿದವು, ಅಮ್ಮ ಸುಮ್ಮನಾದರು. ಆದರೆ ಅದೇ ತಂತಿ ಇ ಮೈನರ್ ಕಾರ್ಡ್‌ಗೆ ಬಂದಾಗ ಪಂಚಮದ ಜಾಗದಲ್ಲಿ ನಿಲ್ಲಬೇಕು, ಅಲ್ಲಿ ಅದು ಕಿವಿಗೆ ಕಚ್ಚುವಷ್ಟು ಕೆಳಗಿತ್ತು. ಎಲ್ಲ ಕಾರ್ಡ್‌ಗಳಿಗೂ ಸಲ್ಲಬೇಕೆಂದು ಅಷ್ಟಕ್ಕಷ್ಟೇ ಹೊಂದಾಣಿಕೆ ಮಾಡಿಕೊಂಡ ಪದ್ಧತಿ ಗಿಟಾರಿನದು. ಇದನ್ನು ಆ್ಯಪ್‌ನ ಒಂದು ಪಾಠವೂ ಹೇಳಲಿಲ್ಲ. ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಮೊದಲ ವಾರವೇ ಏಳುವ ಪ್ರಶ್ನೆ ಇದು.

ಬೇಸ್‌ನ ಕಥೆ ಬೇರೆ. ಅದರ ಇ ತಂತಿ 41.20 ಹರ್ಟ್ಸ್, ಅಂದರೆ ಒಂದು ಕಂಪನ ಮುಗಿಯಲು ಸುಮಾರು 24 ಮಿಲಿಸೆಕೆಂಡ್ ಬೇಕು. ಕೆಲವು ಕಂಪನಗಳನ್ನಾದರೂ ಅಳೆಯದೆ ಯಾವ ಟ್ಯೂನರೂ ಸ್ವರವನ್ನು ಹೇಳಲಾರದು, ಅದರ ಮೇಲೆ ಫೋನಿನ ಮೈಕ್ ಮಾತಿಗಾಗಿ ಮಾಡಿದ್ದು, ಇಷ್ಟು ಕೆಳಗಿನ ನಾದ ಅದಕ್ಕೆ ಸರಿಯಾಗಿ ಸಿಗುವುದೇ ಇಲ್ಲ. ಆಂಪ್ಲಿಫೈಯರ್ ಇಲ್ಲದೆ ಮಗ ತಂತಿ ಮೀಟಿದಾಗ ಸೂಜಿ ಒಮ್ಮೆ ಇ, ಒಮ್ಮೆ ಬಿ ಎಂದು ತೂಗಾಡುತ್ತಿತ್ತು, ಕಾರಣ ಆ ತಂತಿಯ ಮೂರನೇ ಅನುಸ್ವರ (ಮೂಲ ಸ್ವರದ ಜೊತೆಗೇ ಹೊಮ್ಮುವ, ಮೂರು ಪಟ್ಟು ಕಂಪನದ ನಾದ) ಬಿ ಆಗಿರುವುದು. ನಾವು ಕಂಡುಕೊಂಡ ಉಪಾಯವೆಂದರೆ ಹನ್ನೆರಡನೇ ಫ್ರೆಟ್‌ನ ನೇರಕ್ಕೆ ತಂತಿಯನ್ನು ಒತ್ತದೆ ಬೆರಳಿನಿಂದ ಸೋಕಿಸಿ ಮೀಟುವುದು. ಆಗ ಒಂದು ಸ್ಥಾಯಿ ಮೇಲಿನ 82.4 ಹರ್ಟ್ಸ್‌ನ ಸ್ವರ ಹೊರಡುತ್ತದೆ, ಸೂಜಿ ಕದಲದೆ ನಿಲ್ಲುತ್ತದೆ. ಬೇಸ್ ಮಾತ್ರ ನುಡಿಸುವವರು ಕೆಲವು ನೂರು ರೂಪಾಯಿಗೆ ಸಿಗುವ, ಬಿರಡೆಯ ತಲೆಗೆ ಕಚ್ಚಿಸುವ ಕ್ಲಿಪ್ ಟ್ಯೂನರ್ ತೆಗೆದುಕೊಳ್ಳುವುದು ಒಳ್ಳೆಯದು. ಅದು ಗಾಳಿಯ ಸದ್ದನ್ನಲ್ಲ, ಮರದ ನಡುಕವನ್ನು ಅಳೆಯುವುದರಿಂದ ಪಕ್ಕದಲ್ಲಿ ಟಿವಿ ಓಡುತ್ತಿದ್ದರೂ ತೊಂದರೆಯಿಲ್ಲ.

ಪಾಠಗಳ ಭಾಗಕ್ಕೆ ಬಂದರೆ, ಸ್ವರಗಳು ಪರದೆಯ ಮೇಲೆ ಹರಿದು ಬರುತ್ತವೆ, ಸರಿಯಾಗಿ ನುಡಿಸಿದರೆ ಅಂಕ ಸಿಗುತ್ತದೆ. ಮೊದಲ ವಾರಗಳಲ್ಲಿ ದಿನಾ ಕೂರುವ ಅಭ್ಯಾಸವಾದದ್ದು ಇದರಿಂದಲೇ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಬ್ಲೂಟೂತ್ ಇಯರ್‌ಫೋನ್ ಹಾಕಿ ಕೂತ ದಿನ ಮಾತ್ರ ಅಂಕ ನೆಲ ಕಚ್ಚಿತು, ಏಕೆಂದರೆ ಅದರಲ್ಲಿ ಸದ್ದು ನೂರಿನ್ನೂರು ಮಿಲಿಸೆಕೆಂಡ್ ತಡವಾಗಿ ಕೇಳುತ್ತದೆ. ತಂತಿಯ ಇಯರ್‌ಫೋನಿಗೆ ಮರಳಿದ ಮೇಲೆ ಸರಿಹೋಯಿತು. ಸರಿಹೋಗದ ದೋಷವೆಂದರೆ, ಆ್ಯಪ್ ಸ್ವರವನ್ನು ಕೇಳುತ್ತದೆಯೇ ಹೊರತು ಕೈಯನ್ನು ನೋಡುವುದಿಲ್ಲ. ಮಣಿಕಟ್ಟನ್ನು ಬಗ್ಗಿಸಿ, ಹೆಬ್ಬೆರಳಿನಿಂದ ಕತ್ತನ್ನು ಹಿಚುಕಿ ನುಡಿಸುತ್ತಿದ್ದ ನನಗೆ ಮೂರು ತಿಂಗಳು ಅದು ಪೂರ್ಣ ಅಂಕ ಕೊಟ್ಟಿತು. ಮಣಿಕಟ್ಟು ನೋಯತೊಡಗಿದ ಮೇಲೆ ಒಬ್ಬ ಮೇಷ್ಟ್ರ ಬಳಿ ಹೋದೆ, ಅವರು ನಾನು ಕೂತ ಕುರ್ಚಿಯ ಎತ್ತರ ನೋಡಿಯೇ ಕಾರಣ ಹೇಳಿದರು.

ಇನ್ನು ತಕರಾರು. ಏಳು ದಿನದ ಉಚಿತ ಪರೀಕ್ಷೆ ಮುಗಿದ ಕೂಡಲೇ ಇಡೀ ವರ್ಷದ ಚಂದಾ ಕಡಿತವಾಯಿತು. ಆಟೋಪೇ ಮೂಲಕ ಹಣ ತೆಗೆಯುವ 24 ಗಂಟೆ ಮೊದಲು ಸೂಚನೆ ಬರಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಸೂಚನೆ ಬಂದಿತ್ತು, ನಾನು ಓದಿರಲಿಲ್ಲ, ಹಾಗಾಗಿ ಅದರ ಬಗ್ಗೆ ದೂರಲಾರೆ. ಆದರೆ ರದ್ದು ಮಾಡುವ ಗುಂಡಿ ಸೆಟ್ಟಿಂಗ್‌ನ ಮೂರನೇ ಪುಟದ ತಳದಲ್ಲಿತ್ತು, ಹಣ ಹಿಂದಿರುಗಿಸಲು ಕೇಳಿದ ನನ್ನ ಎರಡು ಪತ್ರಗಳಿಗೆ ಬಂದದ್ದು ಯಂತ್ರ ಬರೆದ ಒಂದೇ ಉತ್ತರ. ಪರೀಕ್ಷೆಗೆ ಸೇರುವವರು ಸೇರಿದ ದಿನವೇ ಬ್ಯಾಂಕಿನ ಆ್ಯಪ್‌ಗೆ ಹೋಗಿ ಆಟೋಪೇ ಅನುಮತಿಯನ್ನು ರದ್ದುಮಾಡಲಿ.

ಈಗ ಚಂದಾ ನಿಲ್ಲಿಸಿದ್ದೇನೆ, ಟ್ಯೂನರ್ ಫೋನಿನಲ್ಲೇ ಇದೆ. ಗಿಟಾರಿಗೆ ಅದನ್ನು ದಿನವೂ ಬಳಸುತ್ತೇನೆ. ಅಮ್ಮ ಹಾಡುವಾಗ ಜೊತೆ ಕೊಡಬೇಕಾದರೆ ಮಾತ್ರ ಫೋನನ್ನು ಬದಿಗಿಟ್ಟು ಬಿ ತಂತಿಯನ್ನು ಚೂರು ಇಳಿಸುತ್ತೇನೆ, ಇ ಮೈನರ್ ಬರುವ ಹಾಡನ್ನು ಆ ದಿನ ಮುಟ್ಟುವುದಿಲ್ಲ.