ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆ ಕೆಲಸದಲ್ಲಿದ್ದೀರಾ? ‘ಕಪಲ್ ಪ್ಯಾಕೇಜ್’ಗೆ ದುಡ್ಡು ಕಟ್ಟುವ ಮೊದಲು ಓದಿ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಉಪ್ಪಳ, ಬದಿಯಡ್ಕ, ಪೆರ್ಲ ಕಡೆಯಿಂದ ದಿನಾ ಮಂಗಳೂರಿಗೆ ಡ್ಯೂಟಿಗೆ ಹೋಗುವ ನರ್ಸುಗಳು, ಲ್ಯಾಬ್ ಟೆಕ್ನೀಷಿಯನ್ನರು ತುಂಬಾ ಜನ ಇದ್ದಾರೆ. ಗಂಡ ಹೆಂಡತಿ ಇಬ್ಬರೂ ಇದೇ ಕೆಲಸದಲ್ಲಿರುವ ಮನೆಗಳೂ ಕಡಿಮೆ ಇಲ್ಲ. ಕೆಲವು ಏಜೆಂಟರು ಈಗ ಇಂಥ ಜೋಡಿಗಳನ್ನೇ ಹುಡುಕಿಕೊಂಡು ಬರುತ್ತಿದ್ದಾರೆ. ಯುಕೆಯಲ್ಲಿ ಇಬ್ಬರಿಗೂ ಕೆಲಸ, ಮಗುವಿಗೂ ವೀಸಾ, ಎಲ್ಲ ಒಟ್ಟಿಗೆ. ಅದಕ್ಕೆ ‘ಕಪಲ್ ಪ್ಯಾಕೇಜ್’ ಎಂದು ಹೆಸರು. ನಮಗೂ ಇದನ್ನೇ ಮಾರಿದರು. ಮೂರು ಲಕ್ಷ ಅಡ್ವಾನ್ಸ್ ಹೋಯಿತು. ನಾನು ಪರ್ಮನೆಂಟ್ ಕೆಲಸ ಬಿಟ್ಟಾಗಿತ್ತು. ಒರಿಜಿನಲ್ ಸರ್ಟಿಫಿಕೇಟುಗಳನ್ನು ವಾಪಸ್ ಪಡೆಯಲು ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಬೇಕಾಯಿತು. ಇನ್ನೊಂದು ಮನೆಗೆ ಹೀಗಾಗಬಾರದು ಎಂದು ಎಲ್ಲವನ್ನೂ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಬಿಎಸ್ಸಿ ನರ್ಸಿಂಗ್, ನಮ್ಮ ಮನೆಯವರು ಡಿಎಂಎಲ್‌ಟಿ, ಅಂದರೆ ಲ್ಯಾಬ್ ಡಿಪ್ಲೊಮಾ. ಇಬ್ಬರೂ ಕಲಿತದ್ದು ಮಂಗಳೂರಿನಲ್ಲಿ. ನನ್ನ ರಿಜಿಸ್ಟ್ರೇಷನ್ ಕರ್ನಾಟಕ ನರ್ಸಿಂಗ್ ಕೌನ್ಸಿಲ್‌ನದ್ದು. ಮನೆ, ತೋಟ, ರೇಷನ್ ಕಾರ್ಡ್ ಎಲ್ಲ ಕೇರಳದ್ದು. ಗಡಿನಾಡಿನ ನಮ್ಮಂಥವರ ಸಮಸ್ಯೆ ಇಲ್ಲೇ ಶುರುವಾಗುತ್ತದೆ. ಊರಲ್ಲೇ ಕೆಲಸ ಮಾಡೋಣ ಎಂದರೆ ಕೇರಳದ ಕೌನ್ಸಿಲ್‌ನಲ್ಲಿ ಬೇರೆ ನೋಂದಣಿ ಬೇಕು. ಇವರ ಡಿಪ್ಲೊಮಾಕ್ಕೂ ಕೇರಳದ ಒಪ್ಪಿಗೆ ಬೇಕು. ಮಂಗಳೂರಲ್ಲೇ ಇರೋಣ ಎಂದರೆ ದಿನಾ ತಲಪಾಡಿ ಗಡಿ ದಾಟಬೇಕು. 2020ರ ಲಾಕ್‌ಡೌನಿನಲ್ಲಿ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದನ್ನು ನಮ್ಮ ಕಡೆಯ ಯಾರೂ ಮರೆತಿಲ್ಲ. ಆಸ್ಪತ್ರೆಗೆ ಹೋಗಬೇಕಾದ ರೋಗಿಗಳನ್ನೇ ಬಿಡದೆ ಜೀವ ಹೋದ ಊರು ಇದು. ಆಗಲೇ ನಾವಿಬ್ಬರೂ, ಗಡಿಯ ಯಾವ ಕಡೆಯೂ ಗಟ್ಟಿ ಇಲ್ಲ, ಹೊರಗೆಲ್ಲಾದರೂ ನೋಡೋಣ ಎಂದು ಮಾತಾಡಿಕೊಂಡದ್ದು.

ನಾನು ಓಇಟಿ, ಅಂದರೆ ಆಸ್ಪತ್ರೆ ಕೆಲಸದವರ ಇಂಗ್ಲಿಷ್ ಪರೀಕ್ಷೆ, ಪಾಸು ಮಾಡಿದೆ. ಯುಕೆಯ ನರ್ಸಿಂಗ್ ಕೌನ್ಸಿಲ್ ಆದ ಎನ್‌ಎಂಸಿಗೆ ಲಿಸನಿಂಗ್, ರೀಡಿಂಗ್, ಸ್ಪೀಕಿಂಗ್‌ನಲ್ಲಿ ಬಿ, ರೈಟಿಂಗ್‌ನಲ್ಲಿ ಸಿ ಪ್ಲಸ್ ಸಾಕು. ಎನ್‌ಎಂಸಿಯ ಕಂಪ್ಯೂಟರ್ ಪರೀಕ್ಷೆಯಾದ ಸಿಬಿಟಿಯೂ ಆಯಿತು. ಅಂದರೆ ನರ್ಸ್ ಆಗಿ ಅಲ್ಲಿಗೆ ಹೋಗಲು ಇಲ್ಲಿಂದ ಬೇಕಾದ ದೊಡ್ಡ ಹಂತಗಳು ನನ್ನ ಕೈಯಲ್ಲಿದ್ದವು. ಓಸ್ಕಿ ಎಂಬ ಪ್ರಾಕ್ಟಿಕಲ್ ಪರೀಕ್ಷೆಯನ್ನು ಅಲ್ಲಿಗೆ ಹೋದ ಮೇಲೆ ಮುಗಿಸುವುದು. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ಏಜೆಂಟನಿಗೂ ಇದೆಲ್ಲ ಸರಿಯಾಗಿ ಗೊತ್ತಿತ್ತು.

ಆಫೀಸು ಗಡಿಯಾಚೆ, ಕರ್ನಾಟಕದ ಕಡೆ. ಹೆಸರು ಬರೆಯುವುದಿಲ್ಲ, ಕೇಸು ನಡೆಯುತ್ತಿದೆ. ಆ ಮನುಷ್ಯ ನಮ್ಮದೇ ಕನ್ನಡ ಮಾತಾಡುತ್ತಿದ್ದ. ಅವನು ಹೇಳಿದ ಒಂದು ಮಾತು ನನಗೆ ಈಗಲೂ ಸಿಟ್ಟು ತರಿಸುತ್ತದೆ. “ನೋರ್ಕಾದವರೆಲ್ಲ ಮಲಯಾಳಿಗಳನ್ನೇ ನೋಡುವುದು ಸಿಸ್ಟರ್. ನಮ್ಮ ಕನ್ನಡದವರನ್ನು ಅಲ್ಲಿ ಯಾರು ಕೇಳ್ತಾರೆ? ನಾವಿದ್ದೇವೆ, ನೀವು ಟೆನ್ಷನ್ ಮಾಡ್ಬೇಡಿ.” 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗಿನಿಂದ ಈ ಊರಿನ ಕನ್ನಡಿಗರ ಮನಸ್ಸಲ್ಲಿ ಒಂದು ನೋವು ಉಂಟು. ಕಚೇರಿಗೆ ಹೋದರೆ ಅರ್ಜಿ ಮಲಯಾಳದಲ್ಲಿ, ಉತ್ತರ ಮಲಯಾಳದಲ್ಲಿ. ಆ ನೋವನ್ನೇ ಹಿಡಿದು ಅವನು ವ್ಯಾಪಾರ ಮಾಡಿದ. ನೋರ್ಕಾ ರೂಟ್ಸ್ ಹೊರದೇಶದ ಕೆಲಸಕ್ಕೆ ಜನರನ್ನು ಕಳಿಸುವ ಕೇರಳ ಸರ್ಕಾರದ ಸಂಸ್ಥೆ. ನಾವೂ ಕೇರಳದವರೇ. ಅಲ್ಲಿಗೆ ಹೋಗಿ ಕೇಳುವ ಹಕ್ಕು ಪೆರ್ಲದ ಕನ್ನಡಿಗನಿಗೂ ಕೊಚ್ಚಿಯವನಿಗೂ ಒಂದೇ. ನಮ್ಮ ಜನ ಆ ಬಾಗಿಲಿಗೆ ಹೋಗದ ಹಾಗೆ ಮಾಡುವುದೇ ಇಂಥ ಏಜೆಂಟರಿಗೆ ಲಾಭ.

ಅವನು ಕೊಟ್ಟ ಎಸ್ಟಿಮೇಟ್ ಹಾಳೆ ಈಗಲೂ ನನ್ನ ಹತ್ತಿರ ಉಂಟು. ವೀಸಾಕ್ಕೆ ಬೇಕಾದ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟಿಗೆ, ಅಂದರೆ ಸಿಓಎಸ್‌ಗೆ, ತಲಾ ಒಂಬತ್ತು ಲಕ್ಷ. ಇದು ಕೆಲಸ ಕೊಡುವ ಸಂಸ್ಥೆ ಅಲ್ಲಿನ ಸರ್ಕಾರಕ್ಕೆ ಕಟ್ಟಬೇಕಾದದ್ದು. 2024ರಲ್ಲಿ ಅದಕ್ಕೆ ಇದ್ದ ಫೀಸು 239 ಪೌಂಡ್. ಹೆಚ್ಚೆಂದರೆ ಇಪ್ಪತ್ತೈದು, ಇಪ್ಪತ್ತಾರು ಸಾವಿರ ರೂಪಾಯಿ. ಕೆಳಗಿನ ಸಾಲಿನಲ್ಲಿ ‘ಹೆಲ್ತ್ ಸರ್ಚಾರ್ಜ್, ಮೂವರಿಗೆ, ಮೂರು ವರ್ಷಕ್ಕೆ’ ಎಂದು ಬೇರೆ ಲಕ್ಷಗಳು. ಅಲ್ಲಿನ ಸರ್ಕಾರಿ ಆಸ್ಪತ್ರೆ ಸೇವೆಗೆ ವೀಸಾ ಜೊತೆ ಕಟ್ಟುವ ಈ ಸರ್ಚಾರ್ಜ್ ಇರುವುದು ನಿಜ. ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್. ಆದರೆ ನರ್ಸುಗಳಂಥವರಿಗೆ ಕೊಡುವ ಹೆಲ್ತ್ ಅಂಡ್ ಕೇರ್ ವೀಸಾದಲ್ಲಿ ಹೋಗುವವರಿಗೆ ಅದು ಪೂರ್ತಿ ಮಾಫಿ. ಇಲ್ಲದ ಖರ್ಚಿಗೆ ನಮ್ಮಿಂದ ಲಕ್ಷಗಟ್ಟಲೆ ವಸೂಲಿ ಮಾಡುವ ಲೆಕ್ಕ ಅದು. ನರ್ಸುಗಳನ್ನು ಕರೆಸಿಕೊಳ್ಳುವಾಗ ಅಭ್ಯರ್ಥಿಯಿಂದ ದುಡ್ಡು ತೆಗೆದುಕೊಳ್ಳಬಾರದು ಎಂದು ಯುಕೆ ಸರ್ಕಾರದ ನೇಮಕಾತಿ ನಿಯಮಾವಳಿಯಲ್ಲೇ ಇದೆ. ಭಾರತದಲ್ಲೂ, ನೋಂದಾಯಿತ ರಿಕ್ರೂಟಿಂಗ್ ಏಜೆಂಟ್ ಒಬ್ಬರಿಂದ ಪಡೆಯಬಹುದಾದ ಸರ್ವಿಸ್ ಚಾರ್ಜ್ ಗರಿಷ್ಠ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ. ಒಂಬತ್ತು ಲಕ್ಷ ಎಲ್ಲಿ, ಮೂವತ್ತು ಸಾವಿರ ಎಲ್ಲಿ!

ಮಾವ ಅಡಿಕೆ ಮಾರಿದ ದುಡ್ಡು ಕೊಟ್ಟರು. ಉಳಿದದ್ದಕ್ಕೆ ನನ್ನ ಚಿನ್ನ ಅಡವಿಟ್ಟೆವು. ರಸೀದಿಯಲ್ಲಿ ಅವರು ಬರೆದದ್ದು ‘ಟ್ರೈನಿಂಗ್ ಮತ್ತು ಗೈಡೆನ್ಸ್ ಶುಲ್ಕ’ ಎಂದು. ಕೆಲಸ ಕೊಡಿಸುತ್ತೇವೆ ಎಂಬ ಒಂದು ಪದವೂ ಅದರಲ್ಲಿಲ್ಲ. ನಮ್ಮೆದುರಲ್ಲೇ ಫೈಲಿಗೆ ಹಾಕಿಕೊಂಡ ನನ್ನ ಡಿಗ್ರಿ ಸರ್ಟಿಫಿಕೇಟ್, ರಿಜಿಸ್ಟ್ರೇಷನ್, ಇವರ ಡಿಪ್ಲೊಮಾ ‘ವೆರಿಫಿಕೇಷನ್‌ಗೆ’ ಎಂದು ಅಲ್ಲೇ ಉಳಿದವು. ನೋಟಿಸ್ ಪೀರಿಯಡ್ ಮುಗಿಸಿ ರೆಡಿ ಇರಿ, ಯಾವ ಕ್ಷಣಕ್ಕೂ ಕರೆ ಬರ್ತದೆ ಎಂದು ಅವಸರ ಮಾಡಿದ. ನಾನು ರಾಜೀನಾಮೆ ಕೊಟ್ಟೆ.

ಆಮೇಲೆ ಬಂದದ್ದು ಸಿಓಎಸ್‌ನ ಪಿಡಿಎಫ್. 2024ರ ಕೊನೆಯ ಹೊತ್ತು. ನನ್ನ ಹೆಸರಿನಲ್ಲಿ ಒಂದು, ಇವರ ಹೆಸರಿನಲ್ಲಿ ಒಂದು. ಕಾಲೇಜಿನಲ್ಲಿ ನನ್ನ ಸೀನಿಯರ್ ಆಗಿದ್ದ ಅಕ್ಕ ಒಬ್ಬರು ಯುಕೆಯ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಸ್ಟಾಫ್ ನರ್ಸ್. ಅವರಿಗೆ ವಾಟ್ಸಾಪ್ ಮಾಡಿದೆ. ಡ್ಯೂಟಿ ಮುಗಿಸಿ ಫೋನ್ ಮಾಡಿದರು. ಮೊದಲು ಕೇಳಿದ್ದು ಒಂದೇ: “ಆಕ್ಯುಪೇಷನ್ ಕೋಡ್ ಅಂತ ಇದೆಯಲ್ಲ, ಅಲ್ಲಿ ಎಂತ ನಂಬರ್ ಉಂಟು ನೋಡು.” ನೋಡಿದೆ. 6136. “ಅದು ಸೀನಿಯರ್ ಕೇರ್ ವರ್ಕರ್ ಮಾರಾಯ್ತಿ. ನರ್ಸಿಗೆ ಇರುವುದು 2231ರಿಂದ 2237. ಸಂಬಳ ನೋಡು ಈಗ.” ಸಂಬಳ ವರ್ಷಕ್ಕೆ 23,200 ಪೌಂಡ್. ಅದು ಆಗ ಆ ವೀಸಾ ಸಿಗಲು ಬೇಕಾದ ಕನಿಷ್ಠ ಮೊತ್ತ. ಎನ್‌ಎಚ್‌ಎಸ್‌ನಲ್ಲಿ ಹೊಸ ನರ್ಸಿನ ದರ್ಜೆಯಾದ ಬ್ಯಾಂಡ್ 5ರಲ್ಲಿ ಆ ವರ್ಷ ಆರಂಭದ ಸಂಬಳವೇ 29,970.

ಅಂದರೆ ನರ್ಸಿಂಗ್ ಡಿಗ್ರಿ, ಓಇಟಿ, ಸಿಬಿಟಿ ಎಲ್ಲ ಇರುವವಳನ್ನು ವೃದ್ಧಾಶ್ರಮದ ಕೇರ್ ಕೆಲಸಕ್ಕೆ ಕಳಿಸುವ ಕಾಗದ ಅದು. ಕೇರ್ ಕೆಲಸ ಕೀಳು ಎಂದು ನಾನು ಹೇಳುತ್ತಿಲ್ಲ. ವಯಸ್ಸಾದವರನ್ನು ನೋಡಿಕೊಳ್ಳುವುದು ಕಷ್ಟದ, ಗೌರವದ ಕೆಲಸ. ಆದರೆ ಹೇಳಿದ್ದು ಸ್ಟಾಫ್ ನರ್ಸ್ ಎಂದು, ದುಡ್ಡು ತೆಗೆದುಕೊಂಡದ್ದೂ ಅದಕ್ಕೇ.

ಇದಕ್ಕಿಂತ ದೊಡ್ಡ ಆಘಾತ ಆಮೇಲೆ ಆಯಿತು. 2024ರ ಮಾರ್ಚ್ 11ರಿಂದ ಕೇರ್ ವರ್ಕರ್, ಸೀನಿಯರ್ ಕೇರ್ ವರ್ಕರ್ ವೀಸಾಕ್ಕೆ ಹೊಸದಾಗಿ ಹೋಗುವವರು ಗಂಡನನ್ನಾಗಲಿ, ಹೆಂಡತಿಯನ್ನಾಗಲಿ, ಮಕ್ಕಳನ್ನಾಗಲಿ ಡಿಪೆಂಡೆಂಟ್ ಆಗಿ ಕರೆದುಕೊಂಡು ಹೋಗುವಂತಿರಲಿಲ್ಲ. ನರ್ಸಿನ ಕೋಡಿನಲ್ಲಿ ಹೋದರೆ ಕರೆದುಕೊಂಡು ಹೋಗಬಹುದು. ಇವರ ಕಾಗದದ ಕೋಡ್ 6135. ಅದೂ ಕೇರ್ ವರ್ಕರ್. ಕಂಪನಿ ಬೇರೆ, ಊರು ಬೇರೆ. ನನ್ನದು ಇಂಗ್ಲೆಂಡಿನ ಉತ್ತರದಲ್ಲಿ, ಇವರದ್ದು ದಕ್ಷಿಣದ ತುದಿಯಲ್ಲಿ. ಮಗಳಿಗೆ ಇಬ್ಬರ ಜೊತೆಯೂ ಜಾಗ ಇಲ್ಲ. ನಾಲ್ಕು ವರ್ಷದ ಮಗುವನ್ನು ಅಜ್ಜ ಅಜ್ಜಿಯ ಹತ್ತಿರ ಬಿಟ್ಟು, ನಾವಿಬ್ಬರೂ ಒಂದೊಂದು ಮೂಲೆಯಲ್ಲಿ. ಅವರು ‘ಕಪಲ್ ಪ್ಯಾಕೇಜ್’ ಎಂದು ಮಾರಿದ್ದು ಇದನ್ನು.

ಕೇಳಲು ಹೋದಾಗ ಅವನ ಉತ್ತರ ಸಿದ್ಧ ಇತ್ತು. “ಮೊದಲು ಕೇರರ್ ಆಗಿ ಹೋಗಿ ಸಿಸ್ಟರ್, ಅಲ್ಲಿ ಓಸ್ಕಿ ಬರೆದು ನರ್ಸಿಗೆ ಕನ್ವರ್ಟ್ ಮಾಡ್ಕೊಳ್ಳಿ. ಮಗುವನ್ನು ಆಮೇಲೆ ಕರೆಸಿದರಾಯ್ತು.” ಕನ್ವರ್ಟ್ ಎಂದರೆ ಹೊಸ ಮಾಲೀಕ ಸಿಗಬೇಕು, ಹೊಸ ಸಿಓಎಸ್ ಆಗಬೇಕು, ಓಸ್ಕಿಗೆ 794 ಪೌಂಡ್ ಕೈಯಿಂದ ಕಟ್ಟಬೇಕು. ನಡುವೆ ಆ ಕೇರ್ ಹೋಮಿನ ಸ್ಪಾನ್ಸರ್ ಲೈಸೆನ್ಸ್ ರದ್ದಾದರೆ ಬೇರೆ ಸ್ಪಾನ್ಸರ್ ಹುಡುಕಲು ಸಿಗುವುದು ಸಾಮಾನ್ಯವಾಗಿ 60 ದಿನ. 2025ರ ಜುಲೈ 22ರಿಂದ ಕೇರ್ ವರ್ಕರ್‌ಗಳನ್ನು ಹೊರದೇಶದಿಂದ ಕರೆಸುವ ದಾರಿಯನ್ನೇ ಯುಕೆ ಮುಚ್ಚಿಬಿಟ್ಟಿದೆ. ಈಗಲೂ ಯಾರಾದರೂ ಊರಿಂದ ನೇರ ಕೇರರ್ ವೀಸಾ ಕೊಡಿಸುತ್ತೇನೆ ಎಂದರೆ ಅದು ಸುಳ್ಳು, ಅಷ್ಟೇ.

ಇವರಿಗೆ ‘ಅಲ್ಲಿ ಲ್ಯಾಬ್‌ನಲ್ಲೇ ಕೆಲಸ’ ಎಂದದ್ದೂ ಸುಳ್ಳೇ. ಯುಕೆಯ ಲ್ಯಾಬ್‌ನಲ್ಲಿ ಬಯೋಮೆಡಿಕಲ್ ಸೈಂಟಿಸ್ಟ್ ಎಂದು ಕೆಲಸ ಮಾಡಲು ಅಲ್ಲಿನ ಆರೋಗ್ಯ ವೃತ್ತಿಗಳ ಕೌನ್ಸಿಲ್ ಆದ ಎಚ್‌ಸಿಪಿಸಿಯ ನೋಂದಣಿ ಬೇಕೇ ಬೇಕು. ಫಿಸಿಯೋಥೆರಪಿಸ್ಟ್, ರೇಡಿಯೋಗ್ರಾಫರ್‌ಗಳಿಗೂ ಅಲ್ಲೇ. ಅಲ್ಲಿ ನೋಡುವುದು ಡಿಗ್ರಿ ಮಟ್ಟದ ಓದನ್ನು. ನಾನು ನರ್ಸಿನ ಕೋಡಿನಲ್ಲೇ ಹೋಗಿ ಇವರು ಡಿಪೆಂಡೆಂಟ್ ಆಗಿ ಬಂದರೂ, ಡಿಎಂಎಲ್‌ಟಿಗೆ ಸಿಗಬಹುದಾದದ್ದು ಲ್ಯಾಬ್ ಅಸಿಸ್ಟೆಂಟ್ ಥರದ ಕೆಲಸ. ಅದು ಮೊದಲೇ ಗೊತ್ತಿದ್ದರೆ ಒಪ್ಪಿ ಹೋಗುವವರೂ ಇದ್ದಾರೆ. ಮುಚ್ಚಿಟ್ಟು ಕಳಿಸುವುದು ಮೋಸ.

ಇದರಿಂದ ನಾನು ಎಲ್ಲ ಜೋಡಿಗಳಿಗೂ ಹೇಳುವುದು ಇಷ್ಟೇ: ಯಾವ ದೇಶ ಎಂದು ಯೋಚಿಸುವಾಗ ಹೆಂಡತಿಯ ನರ್ಸಿಂಗ್ ಕಾಗದದಿಂದ ಶುರು ಮಾಡಬೇಡಿ. ನರ್ಸಿಗೆ ಎಲ್ಲ ಕಡೆ ಬಾಗಿಲು ಇದೆ. ಇಬ್ಬರಲ್ಲಿ ಯಾರ ಕಾಗದಕ್ಕೆ ಕಡಿಮೆ ಬೆಲೆಯೋ ಅವರದ್ದನ್ನು ಮೊದಲು ಹಿಡಿದು, ಆ ದೇಶದ ಕೌನ್ಸಿಲ್ ಅದನ್ನು ಒಪ್ಪುತ್ತದಾ ನೋಡಿ. ಎತ್ತಿನ ಗಾಡಿ ಹೋಗುವುದು ನಿಧಾನದ ಎತ್ತಿನ ನಡೆಗೆ. ಗಲ್ಫ್ ಆದರೆ ಇಬ್ಬರಿಗೂ ಡೇಟಾಫ್ಲೋ ಎಂಬ ಸರ್ಟಿಫಿಕೇಟ್ ಪರಿಶೀಲನೆ ಮತ್ತು ಲೈಸೆನ್ಸ್ ಪರೀಕ್ಷೆ ಇರುತ್ತದೆ, ಲ್ಯಾಬ್‌ನವರಿಗೂ ದಾರಿ ಉಂಟು. ಜರ್ಮನಿ ಆದರೆ ನರ್ಸಿಗೆ ಬಿ2 ಮಟ್ಟದ ಜರ್ಮನ್ ಭಾಷೆ ಬೇಕು, ನೋರ್ಕಾದ ಟ್ರಿಪಲ್ ವಿನ್ ಯೋಜನೆಯಲ್ಲಿ ಭಾಷೆ ಕಲಿಯಲು ದುಡ್ಡು ಕೊಡಬೇಕಿಲ್ಲ. ಗಂಡ ಅಲ್ಲಿ ಏನು ಮಾಡುತ್ತಾನೆ ಎಂಬುದನ್ನು ಬೇರೆಯೇ ಕೇಳಬೇಕು.

ಒಂದು ಮಾತು ಡೇಟಾಫ್ಲೋ ಬಗ್ಗೆ. ಇವರ ಅನುಭವಕ್ಕೆ ಎರಡು ವರ್ಷ ಸೇರಿಸಿ ಸರ್ಟಿಫಿಕೇಟ್ ಮಾಡಿಕೊಡುತ್ತೇನೆ ಎಂದೂ ಆ ಏಜೆಂಟ್ ಹೇಳಿದ್ದ. ಇವರು ಬೇಡ ಎಂದರು, ದೇವರು ದೊಡ್ಡವನು. ಡೇಟಾಫ್ಲೋದವರು ನೇರ ಆಸ್ಪತ್ರೆಗೇ ಬರೆದು ಕೇಳುತ್ತಾರೆ. ಸುಳ್ಳು ಎಂದು ಬಂದರೆ ಆ ರಿಪೋರ್ಟ್ ಮುಂದಿನ ಅರ್ಜಿಗಳಿಗೂ ಅಡ್ಡ ಬರುತ್ತದೆ.

ಸದ್ಯ ನಾನು ಮಂಗಳೂರಲ್ಲಿ ಬೇರೆ ಆಸ್ಪತ್ರೆ ಸೇರಿದ್ದೇನೆ, ಸಂಬಳ ಮೊದಲಿಗಿಂತ ಕಡಿಮೆ. ಇಬ್ಬರ ಡೇಟಾಫ್ಲೋ ಒಟ್ಟಿಗೆ ಹಾಕಿದ್ದೇವೆ. ಒಬ್ಬರದ್ದು ಆಗಿ ಇನ್ನೊಬ್ಬರದ್ದು ಆಗದಿದ್ದರೆ ಆ ದೇಶ ಬೇಡ ಎಂದು ಮನೆಯಲ್ಲಿ ಕೂತು ತೀರ್ಮಾನ ಮಾಡಿಯಾಗಿದೆ.

ಈಗಾಗಲೇ ದುಡ್ಡು ಕೊಟ್ಟವರಿಗೆ. ಮೊದಲು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಏಜೆನ್ಸಿಯ ಹೆಸರು ಹುಡುಕಿ. ನೋಂದಣಿ ಇಲ್ಲದೆ ಹೊರದೇಶಕ್ಕೆ ನೇಮಕಾತಿ ಮಾಡುವುದು 1983ರ ಎಮಿಗ್ರೇಷನ್ ಕಾಯ್ದೆ ಪ್ರಕಾರ ಅಪರಾಧ. ನಮ್ಮವನ ಹೆಸರು ಅಲ್ಲಿ ಇರಲೇ ಇಲ್ಲ. ಯುಕೆಯ ಕಂಪನಿ ಆದರೆ ಅಲ್ಲಿನ ಸರ್ಕಾರದ ಲೈಸೆನ್ಸ್ ಪಡೆದ ಸ್ಪಾನ್ಸರ್‌ಗಳ ಪಟ್ಟಿಯೂ ಇಂಟರ್‌ನೆಟ್‌ನಲ್ಲಿ ಸುಮ್ನೆ ನೋಡಲು ಸಿಗುತ್ತದೆ.

ದೂರು ಕೊಡಲು ಹೋದರೆ ಗಡಿನಾಡಿನವರಿಗೆ ಇನ್ನೊಂದು ತಾಪತ್ರಯ. ಇಲ್ಲಿ ಕೇಳಿದರೆ, ಆಫೀಸು ಕರ್ನಾಟಕದಲ್ಲಿ, ಅಲ್ಲಿ ಕೊಡಿ ಎಂದರು. ಅಲ್ಲಿ ಹೋದರೆ, ನಿಮ್ಮ ಮನೆ ಕೇರಳ, ದುಡ್ಡು ಹೋದದ್ದು ಅಲ್ಲಿನ ಬ್ಯಾಂಕಿಂದ ಎಂದರು. ಪರಿಚಯದ ವಕೀಲರೊಬ್ಬರು ಹೇಳಿಕೊಟ್ಟ ಮೇಲೆ ಕೆಲಸ ಆಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕ್ರಿಮಿನಲ್ ಸಂಹಿತೆ ಬಿಎನ್‌ಎಸ್‌ಎಸ್‌ನ 173ನೇ ಸೆಕ್ಷನ್ ಪ್ರಕಾರ, ಘಟನೆ ಯಾವ ಊರಿನಲ್ಲಿ ನಡೆದರೂ ದೂರನ್ನು ಯಾವ ಸ್ಟೇಷನ್ನಿನಲ್ಲಾದರೂ ಕೊಡಬಹುದು. ಇದನ್ನು ಬರೆದುಕೊಂಡು ಹೋಗಿ ತೋರಿಸಿ. ನಮ್ಮ ಸರ್ಟಿಫಿಕೇಟುಗಳು ದೂರು ದಾಖಲಾದ ಮೇಲೆ ಬೇಗ ಕೈಗೆ ಬಂದವು. ದುಡ್ಡಿನಲ್ಲಿ ಸ್ವಲ್ಪ ಬಂದಿದೆ, ಉಳಿದದ್ದಕ್ಕೆ ಕೇಸು. ಎಮಿಗ್ರೇಷನ್ ವಿಭಾಗದ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಕಚೇರಿಗೂ ಒಂದು ಪ್ರತಿ ಕಳಿಸಿ. ಬೆಂಗಳೂರು, ಕೊಚ್ಚಿ, ತಿರುವನಂತಪುರಗಳಲ್ಲಿ ಆ ಕಚೇರಿ ಇದೆ. ದೂರಿನ ಜೊತೆ ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟ್, ಎಸ್ಟಿಮೇಟ್ ಹಾಳೆ, ಸಿಓಎಸ್ ಪಿಡಿಎಫ್ ಇರಲಿ. ವಾಟ್ಸಾಪ್ ವಾಯ್ಸ್ ಮೆಸೇಜುಗಳನ್ನು ಅಳಿಸಬೇಡಿ. ರಸೀದಿಯಲ್ಲಿ ‘ಟ್ರೈನಿಂಗ್’ ಎಂದಿದ್ದರೂ, ‘ಇಬ್ಬರಿಗೂ ಸ್ಟಾಫ್ ಕೆಲಸ ಪಕ್ಕಾ’ ಎಂದು ಅವನೇ ಹೇಳಿದ ವಾಯ್ಸ್ ಮೆಸೇಜ್ ನಮ್ಮ ಹತ್ತಿರ ಇದ್ದದ್ದರಿಂದ ಪೊಲೀಸರು ದೂರು ತೆಗೆದುಕೊಂಡರು.