ಟಾಪ್‌ಸ್ಟಿಚ್ ಸೂಜಿ 90/14, ಟೈಟೇನಿಯಂ ಲೇಪನ: ವರ್ಷಗಟ್ಟಲೆ ಕ್ವಿಲ್ಟಿಂಗ್‌ಗೆ ಬಳಸಿದ ಮೇಲೆ

ಅಂಕ: 5ಕ್ಕೆ 4

ಕ್ವಿಲ್ಟ್ (ಪದರಗಳ ಕೌದಿ) ಹೊಲಿಯುವಾಗ ಹೊಲಿಗೆ ಬಿಡತೊಡಗಿತು ಎಂದರೆ ಹೆಚ್ಚಿನವರ ಕೈ ದಾರದ ಬಿಗಿ ಹೊಂದಿಸುವ ಟೆನ್ಶನ್ ಡಯಲ್‌ಗೆ ಹೋಗುತ್ತದೆ. ದಯವಿಟ್ಟು ಮೊದಲು ಸೂಜಿ ಬದಲಿಸಿ. ಫ್ರೀ ಮೋಷನ್ ಕೆಲಸಕ್ಕೆ (ಬಟ್ಟೆಯನ್ನು ಕೈಯಿಂದಲೇ ಬೇಕಾದತ್ತ ಸರಿಸುತ್ತಾ ಹೊಲಿಯುವುದಕ್ಕೆ) ನಾನು ಮತ್ತೆ ಮತ್ತೆ ಕೊಳ್ಳುವುದು ಇದನ್ನೇ.

ಈ ಸೂಜಿಯ ಕಣ್ಣು ಸಾಮಾನ್ಯ ಸೂಜಿಯದಕ್ಕಿಂತ ಉದ್ದ, ದಾರ ಕೂರುವ ಮುಂದಿನ ಗೀರೂ ಆಳ. ಹಾಗಾಗಿ 40ರ ದಾರ (ಸಂಖ್ಯೆ ಹೆಚ್ಚಿದಷ್ಟೂ ದಾರ ತೆಳು) ಉಜ್ಜಿಕೊಳ್ಳದೆ ಜಾರುತ್ತದೆ. ಅದರಿಂದೇನು ಲಾಭ ಎಂದು ತಿಳಿಯಲು ಬಾಬಿನ್ ಮುಚ್ಚಳ ತೆಗೆದು ಕೈಚಕ್ರವನ್ನು ನಿಧಾನ ತಿರುಗಿಸಿ. ಸೂಜಿ ಪೂರ್ತಿ ಕೆಳಗಿಳಿದು ಸುಮಾರು 2 ಮಿ.ಮೀ. ಮೇಲೇಳುವಷ್ಟರಲ್ಲಿ ಅದರ ಬೆನ್ನಿಗೆ ದಾರ ಪುಟ್ಟ ಕುಣಿಕೆಯಾಗಿ ಉಬ್ಬುತ್ತದೆ. ಬಾಬಿನ್ ಸುತ್ತ ಇರುವ ಕೊಕ್ಕೆ, ಅಂದರೆ ಹುಕ್‌ನ ಮೊನೆ ಆ ಕುಣಿಕೆಯೊಳಗೆ ನುಗ್ಗಿದರೆ ಹೊಲಿಗೆ, ತಪ್ಪಿದರೆ ಖಾಲಿ. ದಾರ ಸಲೀಸಾಗಿ ಜಾರಿದಷ್ಟೂ ಕುಣಿಕೆ ಚೆನ್ನಾಗಿ ಬಿಚ್ಚಿಕೊಳ್ಳುತ್ತದೆ.

ಇನ್ನೊಂದು, ದಪ್ಪ. 90 ಎಂದರೆ 0.9 ಮಿ.ಮೀ., 75 ಎಂದರೆ 0.75 (ಜೊತೆಗಿರುವ 14 ಅದೇ ದಪ್ಪದ ಅಮೆರಿಕನ್ ಸಂಖ್ಯೆ). ಫ್ರೀ ಮೋಷನ್‌ನಲ್ಲಿ ಬಟ್ಟೆ ಸರಿಸುವುದು ನಮ್ಮ ಕೈ. ಮೋಟರಿಗಿಂತ ಕೈ ಮುಂದೆ ಹೋದರೆ, ಬಟ್ಟೆಯೊಳಗಿರುವ ಸೂಜಿಯೇ ಬಾಗಿ ಹುಕ್‌ನಿಂದ ದೂರ ಸರಿಯುತ್ತದೆ. ಒಂದೇ ದಿಕ್ಕಿಗೆ ಎಳೆದಾಗ ಮಾತ್ರ ಹೊಲಿಗೆ ಬಿಡುತ್ತಿದ್ದರೆ ಬಹುಪಾಲು ಇದೇ ಕಾರಣ. 90/14 ಅಷ್ಟು ಸುಲಭಕ್ಕೆ ಬಾಗುವುದಿಲ್ಲ. ಆದರೂ ಕೈ ನಿಧಾನ ಮಾಡಿ, ಪೆಡಲ್ ಸಮವಾಗಿ ಒತ್ತಿ.

ಲೇಪನದಿಂದ ಮೊನೆ ಬೇಗ ಸವೆಯುವುದಿಲ್ಲ, ಪದರಗಳನ್ನು ಅಂಟಿಸಲು ಬಳಸುವ ಸ್ಪ್ರೇ ಅಂಟು ಕಚ್ಚುವುದೂ ಕಡಿಮೆ. ಮಾಮೂಲಿ ಸೂಜಿಯನ್ನು ಸುಮಾರು 8 ಗಂಟೆ ಹೊಲಿದ ಮೇಲೆ ಬದಲಿಸುವುದು ರೂಢಿ, ಇದು ಅದಕ್ಕಿಂತ ಹೆಚ್ಚು ಬಾಳುತ್ತದೆ. ಸೂಜಿ ಇಳಿಯುವಾಗ 'ಟಪ್ ಟಪ್' ಸದ್ದು ಬಂದರೆ ಲೆಕ್ಕ ನೋಡದೆ ತೆಗೆದುಬಿಡಿ.

ಒಂದು ಅಂಕ ಕಳೆದದ್ದು ತೂತಿಗಾಗಿ. ಒತ್ತು ನೇಯ್ಗೆಯ ಬಟ್ಟೆಯಲ್ಲಿ, 60ರ ತೆಳು ದಾರದ ಜೊತೆ, ತೂತು ಎದ್ದು ಕಾಣುತ್ತದೆ. ಅಲ್ಲಿಗೆ 80/12 ಸಾಕು.

ಯಾವ ಸೂಜಿಯಿಂದಲೂ ಸರಿಹೋಗದ ತೊಂದರೆಯೊಂದಿದೆ. ಡಾರ್ನಿಂಗ್ ಫುಟ್ (ಫ್ರೀ ಮೋಷನ್‌ಗೆ ಹಾಕುವ ಪಾದ) ಎತ್ತರದಲ್ಲಿದ್ದರೆ ಸೂಜಿ ಮೇಲೇಳುವಾಗ ಕ್ವಿಲ್ಟೂ ಜೊತೆಗೇ ಎದ್ದು ಬರುತ್ತದೆ. ಆಗ ಕುಣಿಕೆ ಉಬ್ಬುವುದೇ ಇಲ್ಲ. ನಡುವಿನ ಪದರ ದಪ್ಪವಿದ್ದಾಗ, ಹೊಲಿಗೆಗಳು ಕೂಡುವ ಗಂಟಿನ ಜಾಗದಲ್ಲಿ ಇದು ಹೆಚ್ಚು. ಸೂಜಿ ಕೆಳಗಿರುವಾಗ ಫುಟ್ ಬಟ್ಟೆಯನ್ನು ಸವರುವಷ್ಟು ಇಳಿಸಿ.

ಸೂಜಿ ಹಾಕುವಾಗ ಚಪ್ಪಟೆ ಭಾಗ ನಿಮ್ಮ ಮೆಷಿನ್ ಹೇಳುವ ಕಡೆಗೇ ಇರಲಿ (ಮನೆ ಮೆಷಿನ್‌ಗಳಲ್ಲಿ ಹೆಚ್ಚಾಗಿ ಹಿಂದಕ್ಕೆ). ತಡೆಯುವವರೆಗೆ ಮೇಲೆ ದೂಡಿ ಸ್ಕ್ರೂ ಬಿಗಿ ಮಾಡಿ. ಫುಟ್ ಎತ್ತಿಟ್ಟು ಮೇಲಿನ ದಾರ ಮತ್ತೆ ಪೋಣಿಸಿ. ಇಷ್ಟಾದ ಮೇಲೂ ಎರಡೇ ಪದರ ಹತ್ತಿ ಬಟ್ಟೆಯ ಮೇಲೆ ಹೊಸ ಸೂಜಿ ಹೊಲಿಗೆ ಬಿಟ್ಟರೆ, ಅದೂ ಹಿಂದೆ ಸೂಜಿ ಫುಟ್‌ಗೆ ಬಡಿದು ಮುರಿದಿದ್ದರೆ, ಹುಕ್‌ನ ಟೈಮಿಂಗ್, ಅಂದರೆ ಸೂಜಿಯೊಂದಿಗಿನ ಅದರ ಹೊಂದಾಣಿಕೆ, ತಪ್ಪಿರುವ ಸಾಧ್ಯತೆ ಹೆಚ್ಚು. ಅದನ್ನು ಮೆಕ್ಯಾನಿಕ್‌ಗೆ ತೋರಿಸಿ.